ಆರಂಭದ ಹಂತದ ಸ್ತನ ಕ್ಯಾನ್ಸರ್: ಚಿಕಿತ್ಸೆ ಮತ್ತು ಮುಂದಿನ ದಿನಗಳ ಅಂದಾಜು

ಬಯಾಪ್ಸಿ ವರದಿ ಕೈಗೆ ಬಂದ ದಿನ ರೋಗಿಯೂ ಮನೆಯವರೂ ಸಾಮಾನ್ಯವಾಗಿ ಮೂರು ಪ್ರಶ್ನೆ ಕೇಳುತ್ತಾರೆ. ಇದು ವಾಸಿಯಾಗುತ್ತದೆಯೇ? ಸ್ತನವನ್ನು ಪೂರ್ತಿ ತೆಗೆಯಲೇಬೇಕೇ? ಕಿಮೊಥೆರಪಿ ಬೇಕೇ ಬೇಕೇ? ಗಡ್ಡೆಯು ಸ್ತನದಲ್ಲಿ ಅಥವಾ ಹೆಚ್ಚೆಂದರೆ ಕಂಕುಳಿನ ಕೆಲವು ಗ್ರಂಥಿಗಳಲ್ಲಿ ಮಾತ್ರ ಇದ್ದು, ದೇಹದ ಬೇರೆ ಭಾಗಗಳಿಗೆ ಹರಡಿಲ್ಲದಿದ್ದರೆ ಅದನ್ನು ಆರಂಭದ ಹಂತ ಎನ್ನುತ್ತಾರೆ. ಈ ಹಂತದಲ್ಲಿ ಪೂರ್ಣ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಜನ ಗುಣಮುಖರಾಗುತ್ತಾರೆ. ಉಳಿದೆರಡು ಪ್ರಶ್ನೆಗಳಿಗೆ ಸಂಶೋಧನೆಗಳು ಕೊಟ್ಟಿರುವ ಉತ್ತರವನ್ನು ಇಲ್ಲಿ ಸರಳವಾಗಿ ತಿಳಿಸಲಾಗಿದೆ.

ಸ್ತನವನ್ನು ಪೂರ್ತಿ ತೆಗೆಯಲೇಬೇಕೇ?

ಎಲ್ಲರಿಗೂ ಬೇಕಾಗಿಲ್ಲ. ಅಮೆರಿಕದಲ್ಲಿ ಡಾ. ಬರ್ನಾರ್ಡ್ ಫಿಶರ್ ಅವರ ನೇತೃತ್ವದಲ್ಲಿ 1976ರಲ್ಲಿ ಆರಂಭವಾದ ಅಧ್ಯಯನದಲ್ಲಿ 1,851 ಮಹಿಳೆಯರನ್ನು 20 ವರ್ಷಗಳವರೆಗೆ ಗಮನಿಸಲಾಯಿತು. ಇಟಲಿಯ ಮಿಲಾನ್ ನಗರದಲ್ಲಿ ಡಾ. ಉಂಬರ್ಟೊ ವೆರೊನೇಸಿ ಅವರ ತಂಡ ಸಣ್ಣ ಗಡ್ಡೆಯಿದ್ದ 701 ಮಹಿಳೆಯರನ್ನು ಅಷ್ಟೇ ಕಾಲ ಗಮನಿಸಿತು. ಎರಡರ ಫಲಿತಾಂಶವೂ 2002ರಲ್ಲಿ ಪ್ರಕಟವಾಯಿತು. ಗಡ್ಡೆಯನ್ನಷ್ಟೇ ತೆಗೆದು ವಿಕಿರಣ ಚಿಕಿತ್ಸೆ ಪಡೆದವರೂ, ಸ್ತನವನ್ನು ಪೂರ್ತಿ ತೆಗೆಸಿಕೊಂಡವರೂ ಬದುಕುಳಿದ ಪ್ರಮಾಣ ಒಂದೇ ಆಗಿತ್ತು.

ಆದರೆ ಇಲ್ಲೊಂದು ಮುಖ್ಯ ಎಚ್ಚರಿಕೆ ಇದೆ. ಫಿಶರ್ ಅವರ ಅಧ್ಯಯನದಲ್ಲಿ ಗಡ್ಡೆ ಮಾತ್ರ ತೆಗೆಸಿಕೊಂಡು ವಿಕಿರಣ ಪಡೆಯದ 100 ಜನರಲ್ಲಿ ಸುಮಾರು 39 ಮಂದಿಗೆ ಅದೇ ಸ್ತನದಲ್ಲಿ ರೋಗ ಮರುಕಳಿಸಿತು. ವಿಕಿರಣ ಪಡೆದವರಲ್ಲಿ ಇದು ಸುಮಾರು 14 ಮಾತ್ರ. ಆದ್ದರಿಂದ ಸ್ತನ ಉಳಿಸಿಕೊಳ್ಳುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು “ಗಡ್ಡೆ ಹೋಯಿತಲ್ಲ, ಇನ್ನು ಸಾಕು” ಎಂದು ಊರಿಗೆ ಹೋಗಿ ಕುಳಿತುಕೊಳ್ಳಬಾರದು.

ವಿಕಿರಣಕ್ಕೆ ತಿಂಗಳುಗಟ್ಟಲೆ ಓಡಾಡಬೇಕೆಂಬ ಅಂಜಿಕೆಯೂ ಈಗ ಅಷ್ಟಾಗಿ ಬೇಕಿಲ್ಲ. ಹಿಂದೆ ಐದು ವಾರ ಕೊಡುತ್ತಿದ್ದ ಚಿಕಿತ್ಸೆಯನ್ನು ಮೂರು ವಾರಗಳಲ್ಲಿ 15 ಸಲ ಕೊಟ್ಟರೂ ಸಾಕೆಂದು ಬ್ರಿಟನ್ನಿನ ಅಧ್ಯಯನಗಳು ತೋರಿಸಿದವು. 2020ರಲ್ಲಿ ಪ್ರಕಟವಾದ, 4,096 ರೋಗಿಗಳ ಇನ್ನೊಂದು ಅಧ್ಯಯನದಲ್ಲಿ ಒಂದೇ ವಾರದಲ್ಲಿ ಐದು ಸಲ ಕೊಟ್ಟ ಚಿಕಿತ್ಸೆಯೂ ಐದು ವರ್ಷಗಳ ಅವಧಿಯಲ್ಲಿ ಅಷ್ಟೇ ಪರಿಣಾಮಕಾರಿ ಎಂದು ಕಂಡುಬಂದಿತು. ನಿಮಗೆ ಯಾವುದು ಸೂಕ್ತ ಎಂಬುದನ್ನು ವಿಕಿರಣ ತಜ್ಞರು ತಿಳಿಸುತ್ತಾರೆ.

ವರದಿಯಲ್ಲಿ ಏನಿರುತ್ತದೆ?

ರೋಗ ಮುಂದೆ ಹೇಗೆ ವರ್ತಿಸಬಹುದೆಂದು ಅಂದಾಜು ಮಾಡಲು ವೈದ್ಯರು ಮುಖ್ಯವಾಗಿ ಈ ಅಂಶಗಳನ್ನು ನೋಡುತ್ತಾರೆ:

1. ಗಡ್ಡೆಯ ಗಾತ್ರ.
2. ಕಂಕುಳಿನ ಎಷ್ಟು ಗ್ರಂಥಿಗಳಿಗೆ ರೋಗ ತಲುಪಿದೆ ಎಂಬುದು.
3. ದರ್ಜೆ, ಅಂದರೆ ಕ್ಯಾನ್ಸರ್ ಕಣಗಳು ಸಹಜ ಕಣಗಳಿಗಿಂತ ಎಷ್ಟು ಬದಲಾಗಿವೆ ಎಂಬುದು. ಹಂತ ಬೇರೆ, ದರ್ಜೆ ಬೇರೆ. ಮೂರನೇ ದರ್ಜೆ ಎಂದಿದ್ದರೆ ಮೂರನೇ ಹಂತ ಎಂದು ತಿಳಿದು ಗಾಬರಿಯಾಗಬೇಡಿ.
4. ಇ.ಆರ್. ಮತ್ತು ಪಿ.ಆರ್. ಇವು ಪಾಸಿಟಿವ್ ಇದ್ದರೆ ಗಡ್ಡೆಯು ಹಾರ್ಮೋನಿನ ನೆರವಿನಿಂದ ಬೆಳೆಯುತ್ತದೆ, ಮಾತ್ರೆಯಿಂದ ಅದನ್ನು ತಡೆಯಬಹುದು ಎಂದರ್ಥ.
5. ಹರ್-2. ಒಂದು ಕಾಲದಲ್ಲಿ ಇದು ಪಾಸಿಟಿವ್ ಎಂದರೆ ಕೆಟ್ಟ ಸೂಚನೆ ಎನ್ನುತ್ತಿದ್ದರು. ಟ್ರಾಸ್ಟುಜುಮಾಬ್ ಎಂಬ ಔಷಧವನ್ನು ಕಿಮೊಥೆರಪಿಯೊಂದಿಗೆ ಕೊಟ್ಟರೆ ರೋಗ ಮರುಕಳಿಸುವುದು ಸುಮಾರು ಅರ್ಧದಷ್ಟು ತಗ್ಗುತ್ತದೆಂದು 2005ರಲ್ಲಿ ತಿಳಿದ ಮೇಲೆ ಆ ಮಾತು ಬದಲಾಯಿತು.

ಎಲ್ಲರಿಗೂ ಕಿಮೊಥೆರಪಿ ಬೇಕೇ?

ಕಿಮೊಥೆರಪಿಯಿಂದ ಅನೇಕರ ಪ್ರಾಣ ಉಳಿದಿದೆ. ಆದರೆ ಅದರಿಂದ ಹೆಚ್ಚಿನ ಪ್ರಯೋಜನವಾಗದವರೂ ಇದ್ದಾರೆ. ಇವರನ್ನು ಮೊದಲೇ ಗುರುತಿಸಲು ಗಡ್ಡೆಯ ಚೂರಿನಲ್ಲಿ 21 ಜೀನುಗಳನ್ನು ಪರೀಕ್ಷಿಸಿ 0ಯಿಂದ 100ರವರೆಗೆ ಅಂಕ ಕೊಡುವ ವಿಧಾನವೊಂದಿದೆ. ಇ.ಆರ್. ಪಾಸಿಟಿವ್, ಹರ್-2 ನೆಗೆಟಿವ್ ಇದ್ದು, ಗ್ರಂಥಿಗಳಿಗೆ ರೋಗ ತಗಲದ ಮಹಿಳೆಯರ ದೊಡ್ಡ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಅದರಲ್ಲಿ 11ರಿಂದ 25 ಅಂಕ ಬಂದ 6,711 ಮಹಿಳೆಯರಲ್ಲಿ ಕೆಲವರಿಗೆ ಮಾತ್ರೆ ಮಾತ್ರ, ಉಳಿದವರಿಗೆ ಕಿಮೊಥೆರಪಿಯನ್ನೂ ಸೇರಿಸಿ ಕೊಡಲಾಯಿತು. ಒಂಬತ್ತು ವರ್ಷಗಳ ನಂತರ ಎರಡೂ ಗುಂಪುಗಳಲ್ಲಿ 100ಕ್ಕೆ ಸುಮಾರು 94 ಜನ ಬದುಕಿದ್ದರು. 50 ವರ್ಷದೊಳಗಿನವರಲ್ಲಿ ಅಂಕ 16 ಅಥವಾ ಅದಕ್ಕಿಂತ ಹೆಚ್ಚಿದ್ದಾಗ ಮಾತ್ರ ಕಿಮೊಥೆರಪಿಯಿಂದ ಸ್ವಲ್ಪ ಪ್ರಯೋಜನ ಕಂಡಿತು.

ಈ ಪರೀಕ್ಷೆ ದುಬಾರಿ. ಬೆಂಗಳೂರಿನಲ್ಲಿ ರೂಪುಗೊಂಡ ‘ಕ್ಯಾನ್‌ಅಸಿಸ್ಟ್ ಬ್ರೆಸ್ಟ್’ ಎಂಬ ಪರೀಕ್ಷೆಯು ಐದು ಪ್ರೋಟೀನುಗಳನ್ನು ನೋಡಿ, ಅದರೊಂದಿಗೆ ಗಡ್ಡೆಯ ಗಾತ್ರ, ದರ್ಜೆ ಹಾಗೂ ಗ್ರಂಥಿಗಳ ಸ್ಥಿತಿಯನ್ನು ಸೇರಿಸಿ ಅಪಾಯವನ್ನು ಅಂದಾಜು ಮಾಡುತ್ತದೆ. ಇಂಥ ಪರೀಕ್ಷೆಗಳು ಎಲ್ಲರಿಗೂ ಬೇಕಾಗುವುದಿಲ್ಲ. ಹರ್-2 ಪಾಸಿಟಿವ್ ಇದ್ದವರಿಗೆ ಅಥವಾ ಮೂರೂ ನೆಗೆಟಿವ್ ಇದ್ದವರಿಗೆ ಇವು ಅನ್ವಯಿಸುವುದಿಲ್ಲ. ಪಕ್ಕದ ಹಾಸಿಗೆಯವರಿಗೆ ಕಿಮೊಥೆರಪಿ ಬೇಡವೆಂದರು, ನನಗೇಕೆ ಹೇಳಿದರು ಎಂದು ಹೋಲಿಸಿಕೊಳ್ಳಬೇಡಿ. ಗಡ್ಡೆಯ ಗುಣ ಒಬ್ಬರದಿದ್ದಂತೆ ಇನ್ನೊಬ್ಬರದಿರುವುದಿಲ್ಲ.

ನಮ್ಮ ದೇಶದ ಒಂದು ಅಧ್ಯಯನ

ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ದೇಶದ 11 ಕ್ಯಾನ್ಸರ್ ಕೇಂದ್ರಗಳಲ್ಲಿ ಸುಮಾರು 1,600 ಮಹಿಳೆಯರ ಅಧ್ಯಯನ ನಡೆಸಿ 2023ರಲ್ಲಿ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಗೆ ಕೆಲವೇ ನಿಮಿಷ ಮೊದಲು ಗಡ್ಡೆಯ ಸುತ್ತ ಲಿಡೊಕೇನ್ ಎಂಬ ಮರಗಟ್ಟಿಸುವ ಔಷಧವನ್ನು ಚುಚ್ಚಲಾಯಿತು. ಹಲ್ಲು ಕೀಳುವಾಗ ಬಳಸುವಂಥ, ಬೆಲೆ ಕಡಿಮೆಯ ಔಷಧವಿದು. ಐದು ವರ್ಷಗಳ ಬಳಿಕ, ಚುಚ್ಚುಮದ್ದು ಪಡೆಯದವರಲ್ಲಿ 100ಕ್ಕೆ ಸುಮಾರು 86 ಜನ, ಪಡೆದವರಲ್ಲಿ ಸುಮಾರು 90 ಜನ ಬದುಕಿದ್ದರು. ಇದನ್ನು ನಿಮಗೆ ಕೊಡಬೇಕೇ ಎಂಬುದು ಶಸ್ತ್ರವೈದ್ಯರ ನಿರ್ಧಾರ. ನೀವು ಕೇಳಿ ತಿಳಿದುಕೊಳ್ಳಬಹುದು.

ಅಂಕಿಗಳನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

“100ರಲ್ಲಿ 90 ಜನ” ಎಂಬುದು ನಿಮ್ಮಂಥ ನೂರು ಜನರ ಗುಂಪಿನ ಲೆಕ್ಕ. ನೀವು ಆ 90ರಲ್ಲಿ ಒಬ್ಬರೋ 10ರಲ್ಲಿ ಒಬ್ಬರೋ ಎಂದು ಯಾವ ಪರೀಕ್ಷೆಯೂ ಖಚಿತವಾಗಿ ಹೇಳಲಾರದು. ಅಂಕಿ ಚೆನ್ನಾಗಿದೆಯೆಂದು ಚಿಕಿತ್ಸೆ ಬಿಡುವುದೂ ತಪ್ಪು, ಚೆನ್ನಾಗಿಲ್ಲವೆಂದು ಕೈಚೆಲ್ಲುವುದೂ ತಪ್ಪು. ಆ ಅಂಕಿಗಳು ಬಂದಿರುವುದೇ ಚಿಕಿತ್ಸೆ ಪಡೆದವರಿಂದ.

ಮಾತ್ರೆಯನ್ನು ನಡುವೆ ನಿಲ್ಲಿಸಬೇಡಿ

ಇ.ಆರ್. ಪಾಸಿಟಿವ್ ಇರುವವರು ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಐದು ವರ್ಷ ತೆಗೆದುಕೊಂಡರೆ, ಮುಂದಿನ 15 ವರ್ಷಗಳಲ್ಲಿ ಈ ರೋಗದಿಂದ ಸಾಯುವ ಸಂಭವ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆಯಾಗುತ್ತದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಕಂಡುಕೊಂಡ ಸಂಗತಿಯಿದು. ನೋವಿಲ್ಲ, ಗಂಟಿಲ್ಲ, ದಿನವೂ ಮಾತ್ರೆ ಏಕೆ ಎಂದು ಎರಡನೇ ವರ್ಷಕ್ಕೇ ಬಿಡುವವರಿದ್ದಾರೆ. ಹಾಗೆ ಮಾಡಬೇಡಿ. ಮೈ ಬಿಸಿಯೇರುವುದು, ಕೀಲುನೋವು ಮುಂತಾದ ತೊಂದರೆಗಳಿದ್ದರೆ ವೈದ್ಯರಿಗೆ ತಿಳಿಸಿ, ಅದಕ್ಕೆ ಉಪಾಯವಿದೆ. ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಕಂಡರೆ ತಡಮಾಡದೆ ಬನ್ನಿ. ಟ್ಯಾಮಾಕ್ಸಿಫೆನ್ ತೆಗೆದುಕೊಳ್ಳುವಾಗ ಗರ್ಭ ಧರಿಸಬಾರದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

• ನನ್ನ ರೋಗದ ಹಂತ ಯಾವುದು, ದರ್ಜೆ ಯಾವುದು?
• ಇ.ಆರ್., ಪಿ.ಆರ್., ಹರ್-2 ವರದಿ ಏನು ಬಂದಿದೆ?
• ಸ್ತನವನ್ನು ಉಳಿಸಿಕೊಳ್ಳಲು ಸಾಧ್ಯವೇ?
• ಕಿಮೊಥೆರಪಿಯಿಂದ ನನಗೆ ಆಗುವ ಪ್ರಯೋಜನ ಎಷ್ಟು?
• ಎಷ್ಟು ದಿನ ವಿಕಿರಣ, ಎಷ್ಟು ವರ್ಷ ಮಾತ್ರೆ?

ಜೊತೆಯಲ್ಲಿ ಬಂದವರು ಉತ್ತರಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ರೋಗಿಯಿಂದ ವಿಷಯ ಮುಚ್ಚಿಟ್ಟು ನಿಮ್ಮಲ್ಲೇ ತೀರ್ಮಾನ ಮಾಡಬೇಡಿ. ಶರೀರ ಅವರದು, ಮಾತ್ರೆ ನುಂಗಬೇಕಾದವರೂ ಅವರೇ. ಬಯಾಪ್ಸಿ ವರದಿ, ಗಾಜಿನ ಸ್ಲೈಡು ಮತ್ತು ಮೇಣದ ಬ್ಲಾಕುಗಳನ್ನು ಜೋಪಾನವಾಗಿಡಿ, ಮುಂದಿನ ಪರೀಕ್ಷೆಗಳಿಗೆ ಅವು ಬೇಕಾಗುತ್ತವೆ. ಖರ್ಚಿನ ಚಿಂತೆಯಿದ್ದವರು ಚಿಕಿತ್ಸೆ ಮುಂದೂಡುವ ಬದಲು ಪಡಿತರ ಚೀಟಿ ಮತ್ತು ಆಧಾರ್ ತಂದು, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿನ ಬಗ್ಗೆ ಆರೋಗ್ಯಮಿತ್ರರನ್ನು ವಿಚಾರಿಸಿ.