ಮಾತಿಲ್ಲದ ಮಾತು

ಮನುಷ್ಯನಿಗೆ ಮಾತು ದೊರೆತುದು ಒಂದು ದೊಡ್ಡ ಭಾಗ್ಯ. ಆದರೆ ಮಾತು ಬರುವ ಮುನ್ನವೇ ಅವನ ದೇಹ ನುಡಿಯತೊಡಗುತ್ತದೆ. ತೊಟ್ಟಿಲ ಮಗುವಿಗೆ ಪದಗಳು ತಿಳಿಯವು. ಆದರೂ ಅದು ತಾಯಿಯ ಮುಖದ ನಗೆಯನ್ನು ಗುರುತಿಸಬಲ್ಲದು. ಎರಡು ಕೈಗಳನ್ನೂ ಮೇಲಕ್ಕೆ ಚಾಚಿ ‘ಎತ್ತಿಕೋ’ ಎಂದು ಕೇಳಬಲ್ಲದು. ಮುಖಭಾವ, ನೋಟ, ಕೈಸನ್ನೆ, ನಿಲುವು, ನಡಿಗೆ ಇವುಗಳ ಮೂಲಕ ನಡೆಯುವ ಈ ವ್ಯವಹಾರವನ್ನೇ ಆಂಗಿಕ ಭಾಷೆ ಎನ್ನುತ್ತಾರೆ.

ನಮ್ಮ ಪ್ರಾಚೀನರು ಇದರ ಶಕ್ತಿಯನ್ನು ಚೆನ್ನಾಗಿ ಅರಿತಿದ್ದರು. ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ಪಾಶ್ಚಾತ್ಯರಲ್ಲಿ ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು ಒಂದು ಗ್ರಂಥವನ್ನೇ ಪ್ರಕಟಿಸಿದನು.

ದೇಹದ ಸನ್ನೆಗಳಲ್ಲಿ ಸ್ಥೂಲವಾಗಿ ಮೂರು ಬಗೆಗಳನ್ನು ಕಾಣಬಹುದು: ತಾವಾಗಿಯೇ ಹೊಮ್ಮುವ ಸನ್ನೆಗಳು, ಇಬ್ಬರು ಒಪ್ಪಿ ಬಳಸುವ ಸನ್ನೆಗಳು ಹಾಗೂ ಒಂದು ಸಮಾಜದ ಸಂಪ್ರದಾಯದಿಂದ ಬಂದ ಸನ್ನೆಗಳು. ಮೈಸೂರು ಜಿಲ್ಲೆಯ ಹುಣಸೂರು, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ, ಪಿರಿಯಾಪಟ್ಟಣಗಳ ಸೀಮೆಯಲ್ಲಿ ಸಂಚರಿಸಿದರೆ ಈ ಮೂರಕ್ಕೂ ಸೊಗಸಾದ ನಿದರ್ಶನಗಳು ದೊರೆಯುತ್ತವೆ.

ನಾಗರಹೊಳೆಯ ಕಾಡು ಹುಣಸೂರು ಮತ್ತು ಹೆಗ್ಗಡದೇವನಕೋಟೆಗಳ ಕಡೆಗೆ ಹಬ್ಬಿದೆ. ಕಾಡಂಚಿನ ಹೊಲಗಳಿಗೆ ಆನೆಗಳು ಇಳಿಯುವುದುಂಟು. ಇಲ್ಲಿನ ಜನರಿಗೆ ಆನೆಯ ದೇಹವನ್ನು ಓದುವುದು ವಿನೋದದ ವಿಷಯವಲ್ಲ, ಜೀವದ ಪ್ರಶ್ನೆ. ಆನೆ ಮೆಲ್ಲಗೆ ಕಿವಿ ಬೀಸುತ್ತಿದ್ದರೆ ಅದು ಸಿಟ್ಟಿನ ಗುರುತೆಂದು ಹೊಸಬರು ಭಾವಿಸಬಹುದು. ವಾಸ್ತವವಾಗಿ ಆನೆಯ ಕಿವಿಗಳಲ್ಲಿ ರಕ್ತನಾಳಗಳು ಹೇರಳವಾಗಿವೆ. ಕಿವಿ ಬೀಸಿದಾಗ ರಕ್ತ ತಂಪಾಗಿ ಮೈಯ ಬಿಸಿ ತಗ್ಗುತ್ತದೆ. ಆದರೆ ಮೇಯುತ್ತಿದ್ದ ಆನೆ ಥಟ್ಟನೆ ನಿಶ್ಚಲವಾಗಿ ನಿಂತು, ತಲೆಯೆತ್ತಿ, ಕಿವಿಗಳನ್ನು ಅಗಲಿಸಿ ಹಿಡಿದರೆ ಅದು ಎಚ್ಚರಿಕೆ. ಬಲ್ಲವರು ಆ ಕ್ಷಣದವರೆಗೂ ಕಾಯುವುದಿಲ್ಲ. ಆನೆಯನ್ನು ಕಂಡೊಡನೆಯೇ ದೂರ ಸರಿಯುತ್ತಾರೆ.

ಪಳಗಿದ ಆನೆಗೂ ಮಾವುತನಿಗೂ ನಡುವೆ ಇನ್ನೊಂದು ಬಗೆಯ ಭಾಷೆಯಿದೆ. ಆನೆಯ ಕತ್ತಿನ ಮೇಲೆ ಕುಳಿತ ಮಾವುತನು ಅದರ ಕಿವಿಯ ಹಿಂಭಾಗವನ್ನು ಕಾಲ್ಬೆರಳುಗಳಿಂದ ಒತ್ತಿ ನಡೆ, ನಿಲ್ಲು, ತಿರುಗು ಎಂಬ ಸೂಚನೆಗಳನ್ನು ಕೊಡುತ್ತಾನೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬಳ್ಳೆ ಶಿಬಿರದ ಅರ್ಜುನನೆಂಬ ಆನೆ 2012ರಿಂದ 2019ರವರೆಗೆ ಮೈಸೂರು ದಸರಾ ಮೆರವಣಿಗೆಯಲ್ಲಿ ಸುಮಾರು 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊತ್ತಿತು. ವಾದ್ಯಗಳ ಮೊಳಗಿನಲ್ಲಿಯೂ ಲಕ್ಷಾಂತರ ಜನರ ಕೋಲಾಹಲದಲ್ಲಿಯೂ ಅಂತಹ ಆನೆಯನ್ನು ನಡೆಸುವಲ್ಲಿ ಮಾತಿನಷ್ಟೇ ನೆರವಾಗುವುದು ಈ ಮೌನದ ಸ್ಪರ್ಶ.

ಇಬ್ಬರು ಒಪ್ಪಿ ಬಳಸುವ ಸನ್ನೆಯನ್ನು ನೋಡಬೇಕಾದರೆ ದನಗಳ ಜಾತ್ರೆಗೆ ಹೋಗಬೇಕು. ಕೃಷ್ಣರಾಜನಗರದ ಸಮೀಪ, ಕಾವೇರಿ ಧುಮುಕುವ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿನಲ್ಲಿ ಜಾತ್ರೆ ಸೇರುತ್ತದೆ. ರೈತರು ದಷ್ಟಪುಷ್ಟವಾದ ಎತ್ತುಗಳನ್ನು ಸಿಂಗರಿಸಿ ಕರೆತರುತ್ತಾರೆ. ದನಗಳ ಜಾತ್ರೆಗಳಲ್ಲಿ ವ್ಯಾಪಾರ ಕುದುರಿಸುವ ಒಂದು ಹಳೆಯ ಪದ್ಧತಿ ಕುತೂಹಲಕರವಾದುದು. ದಲ್ಲಾಳಿಯು ಮಾರುವವನ ಕೈಯನ್ನು ಒಂದು ವಸ್ತ್ರದಿಂದ ಮುಚ್ಚಿ ಅದರೊಳಗೆ ಬೆರಳುಗಳನ್ನು ಹಿಡಿಯುತ್ತಾನೆ. ಹಿಡಿದ ಬೆರಳುಗಳ ಸಂಖ್ಯೆಯೇ ಬೆಲೆ. ಒಂದು ಬೆರಳಿಗೆ ನೂರೋ ಸಾವಿರವೋ ಎಂಬುದು ಇಬ್ಬರಿಗೂ ತಿಳಿದಿರುತ್ತದೆ. ಸುತ್ತಲೂ ಹತ್ತು ಮಂದಿ ನಿಂತಿದ್ದರೂ ಯಾರಿಗೂ ಬೆಲೆ ತಿಳಿಯದು. ಆದರೆ ಬೆರಳು ಎಷ್ಟೇ ಗುಟ್ಟಾಗಿದ್ದರೂ ಮುಖ ಒಮ್ಮೊಮ್ಮೆ ಗುಟ್ಟನ್ನು ಬಿಟ್ಟುಕೊಡುತ್ತದೆ. ಆದುದರಿಂದಲೇ ಪಳಗಿದ ದಲ್ಲಾಳಿಯು ಲಾಭದಲ್ಲಿಯೂ ನಷ್ಟದಲ್ಲಿಯೂ ಮುಖವನ್ನು ನಿರ್ವಿಕಾರವಾಗಿ ಇರಿಸಿಕೊಳ್ಳುತ್ತಾನೆ.

ಮೂರನೆಯ ಬಗೆಗೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ ನಿದರ್ಶನ. 1959ರಲ್ಲಿ ದಲೈ ಲಾಮಾ ಅವರು ಭಾರತಕ್ಕೆ ಬಂದ ತರುವಾಯ, 1960ರ ದಶಕದ ಆರಂಭದಲ್ಲಿ ಟಿಬೆಟಿನ ನಿರಾಶ್ರಿತರಿಗೆ ಇಲ್ಲಿ ನೆಲೆ ದೊರೆಯಿತು. ಇಲ್ಲಿನ ಸೆರಾ ವಿಹಾರದಲ್ಲಿ ಭಿಕ್ಷುಗಳು ಶಾಸ್ತ್ರಚರ್ಚೆ ನಡೆಸುವುದನ್ನು ಮೊದಲ ಸಲ ಕಂಡವರು ಬೆರಗಾಗುತ್ತಾರೆ. ಒಬ್ಬನು ನೆಲದ ಮೇಲೆ ಕುಳಿತಿರುತ್ತಾನೆ. ಇನ್ನೊಬ್ಬನು ಅವನೆದುರು ನಿಂತು, ಪ್ರಶ್ನೆ ಹಾಕುತ್ತ ಕಾಲನ್ನು ನೆಲಕ್ಕೆ ಅಪ್ಪಳಿಸಿ ಚಪ್ಪಾಳೆ ತಟ್ಟುತ್ತಾನೆ. ಅರಿಯದವರಿಗೆ ಇದು ಜಗಳವೆಂದೇ ತೋರುತ್ತದೆ. ಆದರೆ ನಿಂತವನು ಪ್ರಶ್ನಿಸುವವನು, ಕುಳಿತವನು ಉತ್ತರಿಸುವವನು. ಬಲಗೈ ಕರುಣೆಯ, ಎಡಗೈ ಪ್ರಜ್ಞೆಯ ಸಂಕೇತವೆಂದೂ ಎರಡರ ಕೂಡುವಿಕೆಯೇ ಆ ಚಪ್ಪಾಳೆಯೆಂದೂ ವಿವರಿಸುತ್ತಾರೆ. ಹೀಗೆ ಕಲಹದಂತೆ ಕಂಡುದು ಕಲಿಕೆಯಾಗಿರುತ್ತದೆ. ಅಂತೆಯೇ ನಾಲಗೆಯನ್ನು ತುಸು ಹೊರಚಾಚುವುದು ನಮ್ಮಲ್ಲಿ ಅಣಕ. ಹಳೆಯ ಟಿಬೆಟಿನಲ್ಲಿ ಅದು ಗೌರವದ ವಂದನೆಯಾಗಿತ್ತು.

ಪರರ ಸನ್ನೆ ನಮಗೆ ವಿಚಿತ್ರವಾಗಿ ಕಾಣುವಂತೆ ನಮ್ಮ ಸನ್ನೆಯೂ ಪರರಿಗೆ ವಿಚಿತ್ರ. ನಾವು ‘ಆಗಲಿ’ ಎನ್ನುವಾಗ ತಲೆಯನ್ನು ಅತ್ತಿತ್ತ ತೂಗುತ್ತೇವೆ. ವಿದೇಶೀಯರಲ್ಲಿ ಅನೇಕರು ಇದನ್ನು ‘ಇಲ್ಲ’ ಎಂದು ತಿಳಿದು ಗೊಂದಲಕ್ಕೆ ಒಳಗಾಗುತ್ತಾರೆ. ಹಿರಿಯರ ಮುಂದೆ ದೃಷ್ಟಿಯನ್ನು ತಗ್ಗಿಸುವುದು ನಮ್ಮ ಹಳ್ಳಿಗಳಲ್ಲಿ ವಿನಯ. ಪಾಶ್ಚಾತ್ಯ ದೇಶಗಳಲ್ಲಿ ಅದೇ ವರ್ತನೆಯನ್ನು ಅಪ್ರಾಮಾಣಿಕತೆಯೆಂದು ಶಂಕಿಸುವುದುಂಟು.

ಇಲ್ಲಿಯೇ ಒಂದು ಅಪಾಯವಿದೆ. ಹಾಡಿಯಿಂದಲೋ ದೂರದ ಹಳ್ಳಿಯಿಂದಲೋ ಹೊಸದಾಗಿ ಶಾಲೆಗೆ ಬಂದ ಬಾಲಕನೊಬ್ಬನು ತಲೆ ತಗ್ಗಿಸಿ ಮೌನವಾಗಿ ನಿಂತನೆನ್ನಿ. ಒಬ್ಬರು ಅವನನ್ನು ಮೊಂಡನೆನ್ನಬಹುದು, ಇನ್ನೊಬ್ಬರು ತಪ್ಪಿತಸ್ಥನೆನ್ನಬಹುದು. ಅವನು ಅಂಜಿರಬಹುದು, ಹಸಿದಿರಬಹುದು ಅಥವಾ ಗೌರವ ತೋರುತ್ತಿರಬಹುದು. ಒಂದೇ ಸನ್ನೆಯನ್ನು ಹಿಡಿದು ತೀರ್ಪು ನೀಡಿದರೆ ನಿರಪರಾಧಿಗೆ ಅನ್ಯಾಯವಾಗುತ್ತದೆ. ಕೈ ನಡುಗಿತು, ಕಣ್ಣು ಅತ್ತಿತ್ತ ಚಲಿಸಿತು ಎಂಬ ಕಾರಣದಿಂದಲೇ ಸುಳ್ಳುಗಾರನನ್ನು ಖಚಿತವಾಗಿ ಗುರುತಿಸಲಾಗದೆಂದು ಮನಶ್ಶಾಸ್ತ್ರಜ್ಞರೂ ಹೇಳುತ್ತಾರೆ.

ಆದುದರಿಂದ ಆಂಗಿಕ ಭಾಷೆಯನ್ನು ಓದುವವನು ಸನ್ನೆಯೊಡನೆ ಸಂದರ್ಭವನ್ನೂ ನೋಡಬೇಕು. ಆ ವ್ಯಕ್ತಿಯ ಎಂದಿನ ರೀತಿಯನ್ನು ಅರಿಯಬೇಕು. ಸಂದೇಹ ಬಂದಾಗ ಸೌಮ್ಯವಾಗಿ ಕೇಳಿ ತಿಳಿಯಬೇಕು. ಅದನ್ನು ಬಳಸುವವನು ಮಾತಿಗೂ ಮುಖಕ್ಕೂ ವಿರೋಧ ಬಾರದಂತೆ ನೋಡಿಕೊಳ್ಳಬೇಕು. ‘ಬನ್ನಿ’ ಎಂದು ನುಡಿದು ಮುಖ ತಿರುಗಿಸಿದರೆ ಅತಿಥಿಯು ನಂಬುವುದು ಮುಖವನ್ನೇ. ಕಷ್ಟ ಹೇಳಿಕೊಳ್ಳುವ ಗೆಳೆಯನ ಕಡೆಗೆ ತಿರುಗಿ ಕುಳಿತು, ಕೈಯಲ್ಲಿರುವುದನ್ನು ಕೆಳಗಿಟ್ಟು ಆಲಿಸುವುದು ಎಷ್ಟೋ ವೇಳೆ ಸಾಂತ್ವನದ ನೂರು ನುಡಿಗಳಿಗಿಂತ ಮೇಲು. ದೇಹದ ಭಾಷೆಯನ್ನು ಕಲಿಯುವುದು ಪರರ ಗುಟ್ಟನ್ನು ಕದಿಯುವುದಕ್ಕಲ್ಲ. ಅವರ ಮನಸ್ಸನ್ನು ನೋಯಿಸದೆ ಅರಿಯುವುದಕ್ಕೆ.

ಅಭ್ಯಾಸ

ಪದಗಳ ಅರ್ಥ: ನಿರ್ವಿಕಾರ – ಬದಲಾವಣೆ ತೋರದ, ಹಾಡಿ – ಗಿರಿಜನರ ವಸತಿ, ಆಹಾರ್ಯ – ವೇಷಭೂಷಣಗಳಿಗೆ ಸಂಬಂಧಿಸಿದ.

1. ಆನೆ ಕಿವಿ ಬೀಸುವುದಕ್ಕೆ ಕಾರಣವೇನು?
2. ದನಗಳ ಜಾತ್ರೆಯಲ್ಲಿ ಬೆಲೆಯನ್ನು ಗುಟ್ಟಾಗಿ ತಿಳಿಸುವ ಪದ್ಧತಿಯನ್ನು ವಿವರಿಸಿ.
3. ‘ಕಲಹದಂತೆ ಕಂಡುದು ಕಲಿಕೆಯಾಗಿರುತ್ತದೆ’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿ.
4. ಒಂದೇ ಸನ್ನೆಯಿಂದ ವ್ಯಕ್ತಿಯನ್ನು ಅಳೆಯಬಾರದೇಕೆ?