ಬಾನೆಟ್ಟಿನ ಕೆಳಗೆ

ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ರಸ್ತೆಗಳಲ್ಲಿ ಒಂದು ಕಾಲಕ್ಕೆ ಅಂಬಾಸಿಡರ್ ಕಾರಿನದೇ ಮೆರವಣಿಗೆ. 2014ರಲ್ಲಿ ತಯಾರಿಕೆ ನಿಲ್ಲುವವರೆಗೂ ಅದರ ಮೂತಿ ತುಸು ಬದಲಾಯಿತೇ ಹೊರತು ಮೈಕಟ್ಟು ಬಹುಮಟ್ಟಿಗೆ ಹಾಗೆಯೇ ಉಳಿಯಿತು. ಬದಲಾದುದು ಎಂಜಿನ್. ಆದುದರಿಂದ ಹಳೆಯ ಕಾರನ್ನು ಕೊಳ್ಳುವವನು ಹೊರಗಿನ ಬಣ್ಣಕ್ಕೆ ಮರುಳಾಗದೆ ಬಾನೆಟ್ ಎತ್ತಿ ನೋಡಬೇಕು.

ಮೊದಲಿನ 1476 ಘನ ಸೆಂಟಿಮೀಟರ್ ಎಂಜಿನ್ನಿನಲ್ಲಿ ಕವಾಟಗಳು ಸಿಲಿಂಡರುಗಳ ಪಕ್ಕದಲ್ಲಿದ್ದವು. ಹಾಗಾಗಿ ಅದರ ತಲೆ ಹಲಗೆಯಂತೆ ಚಪ್ಪಟೆ. 1959ರಲ್ಲಿ ಬಂದ 1489 ಘನ ಸೆಂಟಿಮೀಟರ್ ಎಂಜಿನ್ನಿನಲ್ಲಿ ಕವಾಟಗಳು ತಲೆಗೇರಿದವು. ಅವನ್ನು ಮುಚ್ಚುವ ಉದ್ದನೆಯ ತಗಡಿನ ಮುಚ್ಚಳವೇ ಅದರ ಗುರುತು. ಸ್ಪಾರ್ಕ್ ಪ್ಲಗ್ಗಿನ ತಂತಿಗಳೇ ಕಾಣದಿದ್ದರೆ ಅದು ಡೀಸೆಲ್ ಎಂಜಿನ್.

ಕೊನೆಯ ಸಾಕ್ಷಿ ಎಂಜಿನ್ ಸಂಖ್ಯೆ. ಜಿಡ್ಡನ್ನು ಒರೆಸಿ ಅದನ್ನು ನೋಂದಣಿ ಪತ್ರದೊಡನೆ ಹೋಲಿಸಬೇಕು. ಹೊಂದದಿದ್ದರೆ, ಕಾರು ಎಷ್ಟೇ ಸೊಗಸಾಗಿ ಓಡಲಿ, ಕಾರಣ ತಿಳಿದು ದಾಖಲೆ ಸರಿಯಾಗುವವರೆಗೆ ಹಣ ಎಣಿಸಬಾರದು.