ಕಟ್ಟಡಗಳಲ್ಲಿ ವಿದ್ಯುತ್ ದೀಪ ಮತ್ತು ಬಿಸಿನೀರು: ದರಪಟ್ಟಿ ಅಂಗೀಕರಿಸುವ ಮುನ್ನ

ಗ್ರಾಮ ಪಂಚಾಯತಿ ಕಚೇರಿ, ಗ್ರಂಥಾಲಯ, ಅಂಗನವಾಡಿ ಹಾಗೂ ಸಮುದಾಯ ಭವನಗಳಿಗೆ ದೀಪ ಮತ್ತು ನೀರು ಕಾಯಿಸುವ ಉಪಕರಣಗಳನ್ನು ಖರೀದಿಸುವಾಗ ಸಭೆಯ ಮುಂದೆ ಬರುವ ದರಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಬೆಲೆ. ಆದರೆ ಬೆಲೆಯನ್ನು ಪಾವತಿಸುವುದು ಒಮ್ಮೆ ಮಾತ್ರ. ವಿದ್ಯುತ್ ಬಿಲ್ಲನ್ನು ಪ್ರತಿ ತಿಂಗಳೂ ಪಾವತಿಸಬೇಕು. ಆದುದರಿಂದ ಬೆಳಕು ಮತ್ತು ಶಾಖ ಇವೆರಡರ ಲೆಕ್ಕವನ್ನೂ ಸದಸ್ಯರು ಅರಿತಿರುವುದು ಅವಶ್ಯಕ. ಈ ಎರಡು ಲೆಕ್ಕಗಳು ಒಂದೇ ಬಗೆಯವಲ್ಲ.

1. ಯೂನಿಟ್

1000 ವ್ಯಾಟ್‌ನ ಉಪಕರಣವು ಒಂದು ಗಂಟೆ ಕಾಲ ಬಳಸುವ ವಿದ್ಯುತ್ತೇ 1 ಯೂನಿಟ್. ವ್ಯಾಟ್ ಅನ್ನು ಗಂಟೆಗಳಿಂದ ಗುಣಿಸಿ 1000ದಿಂದ ಭಾಗಿಸಿದರೆ ಬಳಕೆಯ ಯೂನಿಟ್ ದೊರೆಯುತ್ತದೆ.

2. ಬೆಳಕು

ವ್ಯಾಟ್ ಎಂಬುದು ಬಳಕೆಯಾಗುವ ವಿದ್ಯುತ್ತಿನ ಅಳತೆ. ದೀಪವು ನೀಡುವ ಬೆಳಕಿನ ಅಳತೆ ಲುಮೆನ್. 60 ವ್ಯಾಟ್‌ನ ಹಳೆಯ ತಂತಿ ಬಲ್ಬ್ ನೀಡುವಷ್ಟು ಬೆಳಕನ್ನು 9 ವ್ಯಾಟ್‌ನ ಎಲ್‌ಇಡಿ ಬಲ್ಬ್ ನೀಡಬಲ್ಲದು. ತಂತಿ ಬಲ್ಬಿನಲ್ಲಿ ವಿದ್ಯುತ್ತಿನ ಬಹುಪಾಲು ಶಾಖವಾಗಿ ವ್ಯರ್ಥವಾಗುವುದೇ ಇದಕ್ಕೆ ಕಾರಣ.

ಉದಾಹರಣೆ: ಹಳೆಯ ಟ್ಯೂಬ್‌ಲೈಟ್ ಚೋಕ್ ಸಹಿತ ಸುಮಾರು 50 ವ್ಯಾಟ್ ಬಳಸುತ್ತದೆ. ಅದರ ಬದಲಿಗೆ 20 ವ್ಯಾಟ್‌ನ ಎಲ್‌ಇಡಿ ಟ್ಯೂಬ್ ಅಳವಡಿಸಿದರೆ ಉಳಿಕೆ 30 ವ್ಯಾಟ್. ಇಂತಹ 10 ಟ್ಯೂಬ್‌ಗಳು ದಿನಕ್ಕೆ 8 ಗಂಟೆಯಂತೆ ತಿಂಗಳಿಗೆ 25 ದಿನ ಉರಿದರೆ 60 ಯೂನಿಟ್ ಉಳಿತಾಯವಾಗುತ್ತದೆ.

3. ಶಾಖ

ಬೆಳಕಿನಲ್ಲಿ ಸಾಧ್ಯವಾದ ಈ ಉಳಿತಾಯ ಸಾಧಾರಣ ಹೀಟರಿನಲ್ಲಿ ಸಾಧ್ಯವಿಲ್ಲ. ಇಮ್ಮರ್ಷನ್ ರಾಡ್ ಆಗಲಿ, ಗೀಸರ್ ಆಗಲಿ, ಬಳಸಿದ ವಿದ್ಯುತ್ತನ್ನು ಬಹುತೇಕ ಪೂರ್ತಿಯಾಗಿ ಶಾಖವಾಗಿಸುತ್ತದೆ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 2.3 ಯೂನಿಟ್ ಬೇಕೇ ಬೇಕು. 2000 ವ್ಯಾಟ್‌ನ ಹೀಟರ್ ಈ ಕೆಲಸವನ್ನು ಸುಮಾರು 70 ನಿಮಿಷಗಳಲ್ಲಿ ಮುಗಿಸಿದರೆ, 1000 ವ್ಯಾಟ್‌ನದು 140 ನಿಮಿಷ ತೆಗೆದುಕೊಳ್ಳುತ್ತದೆ. ಬಿಲ್ಲು ಮಾತ್ರ ಅಷ್ಟೇ. ಆದುದರಿಂದ "ಕಡಿಮೆ ವ್ಯಾಟ್, ಹೆಚ್ಚು ಶಾಖ" ಎಂಬ ಮಾರಾಟಗಾರರ ಮಾತನ್ನು ನಂಬಿ ಪಂಚಾಯತಿಯ ಹಣವನ್ನು ತೊಡಗಿಸಬಾರದು.

ಶಾಖದಲ್ಲಿ ಉಳಿತಾಯಕ್ಕೆ ಮೂರು ಮಾರ್ಗಗಳಿವೆ. ಮೊದಲನೆಯದು, ಕಾದ ನೀರು ತಣಿಯದಂತೆ ತಡೆಯುವುದು. ತೊಟ್ಟಿಯುಳ್ಳ ಗೀಸರುಗಳ ಮೇಲಿನ ನಕ್ಷತ್ರ ಗುರುತು ಈ ಶಾಖನಷ್ಟವನ್ನೇ ಆಧರಿಸಿದೆ. ಎರಡನೆಯದು, ಸೌರ ಜಲತಾಪಕ. ಮೂರನೆಯದು, ಹೀಟ್ ಪಂಪ್. ಇದು ಶಾಖವನ್ನು ಉತ್ಪಾದಿಸುವುದಕ್ಕಿಂತ ಹೆಚ್ಚಾಗಿ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ನೀರಿಗೆ ಸಾಗಿಸುತ್ತದೆ. ಅನುಕೂಲ ಹವೆಯಲ್ಲಿ 1 ಯೂನಿಟ್ ವಿದ್ಯುತ್ತಿನಿಂದ ಸುಮಾರು 3 ಯೂನಿಟ್‌ನಷ್ಟು ಶಾಖ ದೊರೆಯುತ್ತದೆ. ಆರಂಭಿಕ ವೆಚ್ಚ ಹೆಚ್ಚಾದುದರಿಂದ ಪ್ರತಿದಿನ ಬಹಳ ಬಿಸಿನೀರು ಬೇಕಾಗುವ ವಸತಿ ನಿಲಯದಂತಹ ಕಟ್ಟಡಗಳಿಗೆ ಮಾತ್ರ ಇದು ಯೋಗ್ಯ.

4. ಸುರಕ್ಷತೆ

2000 ವ್ಯಾಟ್‌ನ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ದೀಪ, ಫ್ಯಾನುಗಳಿಗೆ ಇರುವ 6 ಆಂಪಿಯರ್ ಸಾಕೆಟ್ಟಿಗೆ ಅದನ್ನು ಜೋಡಿಸುವುದು ಅಪಾಯಕರ. 16 ಆಂಪಿಯರ್ ಸಾಕೆಟ್ ಹಾಗೂ ತಕ್ಕ ದಪ್ಪದ ತಂತಿ ಇರತಕ್ಕದ್ದು.

ಎಂಸಿಬಿ ಇರುವುದು ತಂತಿಯನ್ನು ಅತಿಭಾರದಿಂದ ಕಾಪಾಡಲು. ವ್ಯಕ್ತಿಯ ದೇಹದ ಮೂಲಕ ಸೋರುವ ಅಲ್ಪ ವಿದ್ಯುತ್ತಿಗೆ ಅದು ಬೀಳುವುದಿಲ್ಲ. ಪ್ರಾಣರಕ್ಷಣೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಮತ್ತು ಸುಸ್ಥಿತಿಯ ಅರ್ಥಿಂಗ್ ಎರಡೂ ಬೇಕು. ಮಕ್ಕಳು ಓಡಾಡುವ ಅಂಗನವಾಡಿಯಲ್ಲಿ ಬಕೆಟ್ಟಿಗೆ ಇಳಿಬಿಡುವ ರಾಡನ್ನು ಬಳಸಲೇಬಾರದು. ಉಳಿತಾಯದ ಹೆಸರಿನಲ್ಲಿ ಈ ವೆಚ್ಚವನ್ನು ಕಡಿತಗೊಳಿಸುವುದು ಸಲ್ಲದು.

5. ಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಅ) ದೀಪದ ವ್ಯಾಟ್ ಜೊತೆಗೆ ಲುಮೆನ್ ಮತ್ತು ಖಾತರಿ ಅವಧಿಯನ್ನು ದರಪಟ್ಟಿಯಲ್ಲಿ ನಮೂದಿಸಲಾಗಿದೆಯೇ?

ಆ) ದಿನಕ್ಕೆ ಎಷ್ಟು ಲೀಟರ್ ಬಿಸಿನೀರು ನಿಜವಾಗಿ ಬೇಕು?

ಇ) ಈಗಿರುವ ತಂತಿ ಮತ್ತು ಮಂಜೂರಾದ ವಿದ್ಯುತ್ ಭಾರ ಹೊಸ ಉಪಕರಣಕ್ಕೆ ಸಾಕೇ?

ಈ) ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿದಾಗ ವಿದ್ಯುತ್ ಕಡಿತವಾಗುತ್ತದೆಯೇ? ಅರ್ಥಿಂಗ್ ಅನ್ನು ಕೊನೆಯದಾಗಿ ಅಳೆದದ್ದು ಯಾವಾಗ?

ಈ ಪ್ರಶ್ನೆಗಳಿಗೆ ಲಿಖಿತ ಉತ್ತರ ದೊರೆತ ನಂತರವೇ ದರಪಟ್ಟಿಯನ್ನು ಅಂಗೀಕರಿಸುವುದು ಸೂಕ್ತ.